ತಂಪಿನ ಕಾವಲು

೧೨ ಮಾರ್ಚ್ ೨೦೦೬, ರವಿವಾರ

ಯಾರ ಮುಂದೆಯೂ ಹೇಳಬಾರದು ಎಂದು ಅತ್ತೆ ದೇವರ ಜಗಲಿಯ ಮುಂದೆ ನಿಲ್ಲಿಸಿ ನನ್ನಿಂದ ಆಣೆ ಮಾಡಿಸಿಕೊಂಡರು. ಹೇಳುವುದಿಲ್ಲ. ಬರೆಯಬಾರದು ಎಂದು ಅವರು ಅಂದಿಲ್ಲ. ತಂತಿ ಮಾರುವ ಕಂಪನಿಯವರು ನನ್ನ ಗಂಡನ ಅಂಗಡಿಗೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ತೆಗೆದುಕೊಂಡೆ. ಎದೆಯಲ್ಲಿ ಇಟ್ಟುಕೊಂಡರೆ ಒಡೆದು ಹೋಗುತ್ತೇನೆ.

ನಿನ್ನೆ ಸುರೇಖಾಳನ್ನು ಬಿಜಾಪುರದ ದವಾಖಾನೆಯಿಂದ ಮನೆಗೆ ಕರೆತಂದೆವು. ಹನ್ನೊಂದು ವರ್ಷದ ಹುಡುಗಿಗೆ ಸಕ್ಕರೆ ಕಾಯಿಲೆ. ಮುದುಕರಿಗೆ ಬರುವ ರೋಗ ನನ್ನ ಮಗಳಿಗೆ ಯಾಕೆ ಬಂತು ಎಂದು ಕೇಳಿದರೆ ಡಾಕ್ಟರು, “ಇದು ಬ್ಯಾರೇ ನಮೂನಿರಿ, ಮಕ್ಕಳಿಗೂ ಬರ್ತೈತಿ” ಎಂದರು. ಮೈಯೊಳಗೆ ತಾನಾಗಿ ಹುಟ್ಟಬೇಕಾದ ಇನ್ಸುಲಿನ್ ಇವಳಲ್ಲಿ ಹುಟ್ಟುವುದೇ ಇಲ್ಲವಂತೆ. ಮುಂಜಾನೆ ಒಂದು ಸೂಜಿ, ಸಂಜೆ ಒಂದು ಸೂಜಿ, ಜೀವ ಇರುವ ತನಕ. ಆ ಔಷಧದ ಸೀಸೆ ತಂಪಿನಲ್ಲಿರಬೇಕು. ಕಾದರೆ ಕೆಟ್ಟು ಬರೀ ನೀರಾಗುತ್ತದೆ. ಬರ್ಫಗಟ್ಟಿದರೂ ಕೆಡುತ್ತದೆ. ಕೆಟ್ಟಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ ಎಂದು ಅವರು ಹೇಳಿದಾಗಿನಿಂದ ನನ್ನ ನಿದ್ದೆ ಹಾರಿಹೋಗಿದೆ.

ತಂಪು ಎಂದರೆ ಎಲ್ಲಿಂದ ತರಲಿ? ಕನ್ನೊಳ್ಳಿ ದಾಟಿ ನಮ್ಮೂರಿನ ಕಡೆ ಹೊರಳಿದರೆ ಬೇವಿನ ನೆರಳೂ ಕಾದಿರುತ್ತದೆ. ಇವರು ಸಿಂದಗಿಯಿಂದ ಹಳೆಯ ಫ್ರಿಜ್ ಒಂದನ್ನು ಹೊಂದಿಸಿ ತಂದರು. ನಮ್ಮ ಓಣಿಗೆ ಇದೇ ಮೊದಲನೆಯದು. ಪಕ್ಕದ ಮನೆಯ ಶಂಕ್ರೆವ್ವ ಬಂದು ಅದರ ಬಾಗಿಲು ತೆಗೆದು ಹಾಕಿ ನೋಡಿ, “ಇದೇನಕ್ಕ ಬೇಕಾಗಿತ್ತವಾ ನಿಮಗ?” ಎಂದರು. ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ. “ನಮ್ಮ ಸೊಸಿಗಿ ಥಣ್ಣೀರ ಕುಡ್ಯೂ ಚಟಾ ಹತ್ತೇತಿ, ಏನ್ ಮಾಡೂದು.” ಈಗ ಊರಿನಲ್ಲಿ ನಾನು ತಣ್ಣೀರಿನ ಚಟದವಳು. ಆಗಲಿ. ಹುಡುಗಿಗೆ ರೋಗವಿದೆ ಎಂದು ತಿಳಿದರೆ ನಾಳೆ ಯಾರು ಮಾಡಿಕೊಳ್ಳುತ್ತಾರೆ ಎನ್ನುವುದು ಅತ್ತೆಯ ಚಿಂತೆ. ನಾಳೆಯ ತನಕ ಅವಳು ಇರಬೇಕಲ್ಲ ಎನ್ನುವುದು ನನ್ನದು.

ಸೂಜಿ ಇವರೇ ಚುಚ್ಚುತ್ತಾರೆ. ನಾನು ಸೀಸೆ ಹಿಡಿದರೆ ಕೈ ನಡುಗುತ್ತದೆ. ನಾನು ಮೊದಲಿನಿಂದಲೂ ಹೆದರುಪುಕ್ಕಲಿ. ಮಸೂತಿ ಊರಿನ ತವರಿಗೆ ಕೂಡ ಇವರ ಸಂಗಡ ಬಿಟ್ಟು ಬಸ್ಸು ಹತ್ತಿದವಳಲ್ಲ.

೧೯ ಮಾರ್ಚ್, ರವಿವಾರ

ಇವರು ರಾವಸಾಬ ಎಂದರೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಸುಟ್ಟುಹೋದ ಪಂಪಿನ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ನಮ್ಮದು. ಮನೆಯ ಮುಂದಿನ ಖೋಲಿಯೇ ಅಂಗಡಿ. ಅಲ್ಲಿ ನಡೆಯುವ ಮಾತೆಲ್ಲ ಅಡುಗೆಮನೆಗೆ ಕೇಳುತ್ತದೆ.

ದಿನಕ್ಕೆ ಕೆಲವು ತಾಸು ಮಾತ್ರ ತ್ರೀಫೇಸ್ ಕರೆಂಟು ಕೊಡುತ್ತಾರೆ. ಆಗ ತೋಟದ ಪಂಪುಗಳು ನಡೆಯಬೇಕು. ಉಳಿದ ಹೊತ್ತು ಸಿಂಗಲ್ ಫೇಸ್, ಮನೆಯ ದೀಪಕ್ಕೆ ಸಾಲುವಷ್ಟು. ಆದರೆ ಮೋಟರಿಗೆ ಕಂಡೆನ್ಸರ್ ಎಂಬ ಡಬ್ಬಿ ಕೂಡಿಸಿದರೆ ಸಿಂಗಲ್ ಫೇಸಿನಲ್ಲೂ ಪಂಪು ತಿರುಗುತ್ತದೆ. ಹಾಗೆ ಮಾಡಬಾರದು ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ಕೂಡಿಸಿಕೊಡುವವರು ನಮ್ಮವರು.

ಸಂಜೆ ಒಬ್ಬೊಬ್ಬರೇ ಪಂಪು ಹಚ್ಚತೊಡಗಿದರೆ ನಮ್ಮ ಮನೆಯ ಬಲ್ಬು ಕೆಂಪಗಾಗುತ್ತದೆ. ಇಷ್ಟು ವರ್ಷ ಅದರ ಕಡೆ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಈಗ ಬಲ್ಬು ಕೆಂಪಗಾದರೆ ಫ್ರಿಜ್ ಗುರ್ ಎಂದು ಏಳಲಾರದೆ ಮತ್ತೆ ಸುಮ್ಮನಾಗುತ್ತದೆ. ಇವತ್ತು ಧೈರ್ಯ ಮಾಡಿ ಕೇಳಿದೆ.

“ಆ ಡಬ್ಬಿ ಹಚ್ಚಿಕೊಡೂದು ಬಿಡಾಕ ಬರಾಂಗಿಲ್ಲೇನ್ರಿ?”

“ನಾ ಬಿಟ್ರ ಬ್ಯಾರೇದಾವ ಹಚ್ಚಿಕೊಡ್ತಾನ. ಲಿಂಬಿ ಗಿಡಕ್ಕ ನೀರಿಲ್ಲಂದ್ರ ಮಂದಿ ಏನ್ ಮಣ್ಣ ತಿನ್ನಬೇಕಾ? ನೀ ಅನ್ನಾ ಬಸಿ, ಹೋಗ.”

ಅನ್ನ ಬಸಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಬೇಕು?

೩೦ ಮಾರ್ಚ್, ಯುಗಾದಿ

ಬೇವು ಬೆಲ್ಲ ಹಂಚುವಾಗ ಸುರೇಖಾಳ ಬಟ್ಟಲಿಗೆ ಬೇವಷ್ಟೇ ಹಾಕಿದೆ. ಅವಳು ನನ್ನ ಮುಖ ನೋಡುತ್ತಲೇ ಬೇವು ಅಗಿದು ನುಂಗಿದಳು. ಹಟ ಮಾಡಿದ್ದರೆ ವಾಸಿಯಿತ್ತು.

ಇವರಿಗೂ ಒಳಗೊಳಗೇ ಅಂಜಿಕೆ ಇದೆ ಎಂದು ಈಗ ಗೊತ್ತಾಯಿತು. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದರು. ಎರಡು ಕರಿ ಹಲಗೆಗಳು, ಕೆಳಗೆ ಒಂದು ಬ್ಯಾಟರಿ. ಹಾಕಲು ಬಂದ ಬಿಜಾಪುರದ ಮನುಷ್ಯ ಎರಡೆರಡು ಸಲ ಹೇಳಿದ. “ಇದು ನಾಲ್ಕ ದೀಪಕ್ಕ, ಒಂದ ಫ್ಯಾನಿಗಷ್ಟರಿ. ಫ್ರಿಜ್ ಹಚ್ಚಬ್ಯಾಡ್ರಿ. ಮೋಡಾದ್ರ, ಧೂಳ ಕುಂತ್ರ ಇದ್ದದ್ದೂ ಬರಾಂಗಿಲ್ಲ.” ಅವನು ಹೋದ ಮೇಲೆ ಇವರು ನಕ್ಕರು. ಲಾರಿಯ ಹಳೆಯ ಬ್ಯಾಟರಿಯೊಂದನ್ನು ಅದಕ್ಕೆ ಜೋಡಿಸಿ, ಇನ್ವರ್ಟರ್ ಕೂಡಿಸಿ ಫ್ರಿಜ್ ಹಚ್ಚಿಯೇ ಬಿಟ್ಟರು. ನಡೆಯಿತು.

“ನೋಡಿದಿ? ಇನ್ನ ಕರೆಂಟ ಇರಲಿ ಬಿಡಲಿ, ಸೂರ್ಯಪ್ಪನ್ನ ಮನಿ ಆಳ ಮಾಡೇನಿ.”

ಹಬ್ಬದ ದಿನ ದೇವರ ಬಗ್ಗೆ ಹಾಗೆ ಅನ್ನಬಾರದಿತ್ತು. ಅತ್ತೆ ಹಲಗೆಗಳಿಗೆ ವಿಭೂತಿ ಹಚ್ಚಲು ನಿಚ್ಚಣಿಕೆ ಹತ್ತಿದರು. ನಾನು ಕೆಳಗೆ ನಿಂತು ಕೈ ಮುಗಿದೆ.

೧೬ ಏಪ್ರಿಲ್, ರವಿವಾರ

ಟಿ.ಸಿ. ಸುಟ್ಟಿತು.

ಊರ ಹೊರಗಿನ ಕಂಬದ ಮೇಲೆ ಕೂತ ಆ ದೊಡ್ಡ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಿಂದಲೇ ಊರಿಗೆಲ್ಲ ಕರೆಂಟು ಬರುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಲ್ಬು ಕೆಂಪಗಾಯಿತು, ಇನ್ನೂ ಕೆಂಪಗಾಯಿತು, ಆಮೇಲೆ ಢಂ ಎಂದು ಸಪ್ಪಳ. ಕಂಬದ ಬುಡದಲ್ಲಿ ಎಣ್ಣೆ ಸುರಿದು ಹೊತ್ತಿ ಉರಿಯುತ್ತಿತ್ತಂತೆ. ಲೈನಮನ್ ಪರಸಪ್ಪ ಬಂದು ಟಾರ್ಚು ಹಾಕಿ ನೋಡಿ, “ಎಷ್ಟ ಮೋಟರ ಹಚ್ಚಿದ್ರಿ ಅಂತ ಕೇಳಾಂಗಿಲ್ಲ. ಕೇಳಿದ್ರ ಎಲ್ಲಾರೂ ಸಾಚಾನ ಇರ್ತೀರಿ. ಹೊಸಾದ್ ಬರಾಕ ತಿಂಗಳಾದ್ರೂ ಆದೀತು” ಎಂದು ಹೋದನಂತೆ. ಬ್ಯಾಸಗೆಯಲ್ಲಿ ಎಲ್ಲ ಊರಿನ ಟಿ.ಸಿ.ಗಳೂ ಹೀಗೆಯೇ ಸುಟ್ಟು ಸಾಲುಗಟ್ಟಿ ಕೂತಿವೆ.

ಊರೆಲ್ಲ ಕತ್ತಲು, ನಮ್ಮ ಮನೆಯಲ್ಲಿ ದೀಪ. ಇವರು ಮೀಸೆಯ ಮೇಲೆ ಕೈ ಇಟ್ಟು ಕಟ್ಟೆಯ ಮೇಲೆ ಕೂತರು. ನನಗೆ ಮಾತ್ರ ಹಗ್ಗದ ಮೇಲೆ ನಡೆದ ಹಾಗೆ ಆಗುತ್ತಿದೆ. ಎಲ್ಲರೂ ಬಿದ್ದ ಬಾವಿಯ ದಂಡೆಯ ಮೇಲೆ ನಾವೊಬ್ಬರೇ ನಿಂತಿದ್ದೇವೆ.

೧೯ ಏಪ್ರಿಲ್

ಇನ್ವರ್ಟರಿನ ಮೇಲೆ ಹಸಿರು ದೀಪ ಇದ್ದರೆ ಉಸಿರು, ಕೆಂಪಾದರೆ ಇಲ್ಲ. ದಿನವಿಡೀ ಅದರ ಮುಂದೆಯೇ ಸುಳಿದಾಡುತ್ತೇನೆ. ಫ್ಯಾನು ಬಂದ್ ಮಾಡಿಸಿದೆ. ರೇಡಿಯೊ ಬಂದ್. ಸುರೇಖಾ ಫ್ರಿಜ್ ತೆಗೆದರೆ ಬೈಯುತ್ತೇನೆ. ಹೊರಗೆ ಆಡಲು ಹೊರಟರೆ ಬೈಯುತ್ತೇನೆ. ಸಾಲಿ ಸೂಟಿ ಇದೆ, ಗೆಳತಿಯರೆಲ್ಲ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ, ನಾನು ಬಾಗಿಲು ಮುಂದೆ ಮಾಡುತ್ತೇನೆ.

“ಅವ್ವಾ, ನನ್ನೂ ಫ್ರಿಜ್ಜಿನ್ಯಾಗ ಇಟ್ಟಬಿಡ” ಎಂದಳು ಇವತ್ತು. ಎಷ್ಟು ಉದ್ದ ನಾಲಿಗೆ. ಬೆನ್ನಿಗೊಂದು ಕೊಟ್ಟೆ, ಆಮೇಲೆ ನಾನೇ ಕಣ್ಣೀರು ಹಾಕಿದೆ.

೨೨ ಏಪ್ರಿಲ್, ಶನಿವಾರ

ಇವರು ಊರಿನ ಹಿರಿಯರ ಸಂಗಡ ಟಿ.ಸಿ. ತರುವ ಓಡಾಟಕ್ಕೆ ಬಿಜಾಪುರಕ್ಕೆ ಹೋಗಿದ್ದಾರೆ. ಎರಡು ದಿನ ಅಲ್ಲಿಯೇ. ಸೂಜಿ ಚುಚ್ಚಲು ಪಕ್ಕದ ಊರಿನ ನರ್ಸಬಾಯಿ ಬಂದು ಹೋಗುತ್ತಾಳೆ. ಅತ್ತೆ ಅವಳಿಂದಲೂ ಆಣೆ ಮಾಡಿಸಿದ್ದಾರೆ.

ಹಸಿರು ದೀಪ ಮಧ್ಯಾಹ್ನಕ್ಕೇ ಕೆಂಪಾಗುತ್ತಿದೆ. ಆಕಾಶದಲ್ಲಿ ಮೋಡವಿಲ್ಲ, ಹೊರಗೆ ಕಾಲಿಟ್ಟರೆ ಅಂಗಾಲು ಸುಡುತ್ತದೆ. ಇಷ್ಟು ಬಿಸಿಲಿದ್ದೂ ಯಾಕೆ ಹೀಗೆ? ಫ್ರಿಜ್ಜಿನ ಒಳಗೆ ಕೈ ಇಟ್ಟೆ. ತಂಪು ಇದೆಯೋ ಇಲ್ಲವೋ ತಿಳಿಯಲಿಲ್ಲ. ನನ್ನ ಕೈಯೇ ತಣ್ಣಗಿತ್ತು.

ಸುರೇಖಾ ಇವತ್ತು ಬಹಳ ನೀರು ಕುಡಿದಳು. ಬಿಸಿಲಿಗೆ ನೀರಡಿಕೆ ಎಂದುಕೊಂಡೆ.

೨೩ ಏಪ್ರಿಲ್

ಮತ್ತೆ ನೀರು, ಮತ್ತೆ ನೀರು. ಕೊಡ ಖಾಲಿ. ಮುಂಜಾನೆಯಿಂದ ಎರಡು ಸಲ ವಾಂತಿ. ಸೂಜಿ ಆಗಿದೆ, ತಪ್ಪಿಲ್ಲ. ಹಾಗಾದರೆ ಯಾಕೆ? ಬಾಯಿಯಿಂದ ಕೊಳೆತ ಹಣ್ಣಿನ ವಾಸನೆ. ಇವರಿಲ್ಲ. ಶಿವನೇ, ಯಾರನ್ನು ಕರೆಯಲಿ.

೨೭ ಏಪ್ರಿಲ್, ಗುರುವಾರ. ಬಿಜಾಪುರ

ದವಾಖಾನೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಸುರೇಖಾ ಮಲಗಿದ್ದಾಳೆ. ಬದುಕಿದ್ದಾಳೆ. ಈ ಮಾತನ್ನು ಮೊದಲು ಬರೆಯಬೇಕಿತ್ತು, ಬರೆದೆ.

ಅವತ್ತು ಏನು ಮಾಡಬೇಕೆಂದು ತೋಚದೆ ಮಾಳಿಗೆ ಹತ್ತಿದೆ. ನಿಚ್ಚಣಿಕೆ ಎಂದೂ ಹತ್ತಿದವಳಲ್ಲ, ಹೇಗೆ ಹತ್ತಿದೆನೋ. ಮೇಲೆ ಎರಡೂ ಕರಿ ಹಲಗೆಗಳ ಮೇಲೆ ಅತ್ತೆಯ ಕೌದಿ ಹೊದಿಸಿತ್ತು. ನೀರಲ್ಲಿ ತೋಯಿಸಿ, ಅಂಚಿಗೆ ಕಲ್ಲು ಇಟ್ಟು, ನೀಟಾಗಿ. ಅತ್ತೆ ಕೆಳಗಿನಿಂದ, “ಟೀಸಿ ಕಾದ ಸಿಡೀತಲಾ, ಇವೂ ಕೆಂಡದಂಗ ಕಾದಿದ್ವು. ಕೂಸಿನ ಔಷಧ ಇವುದರ ಮ್ಯಾಲ ಐತಿ, ತಂಪಿರಲಿ ಅಂತ ದಿನಾ ಹೊಚ್ಚಾಕತ್ತಿದ್ದೆ” ಎಂದರು. ಟಿ.ಸಿ. ಸುಟ್ಟ ಎರಡು ಮೂರು ದಿನಕ್ಕೇ ಶುರು ಮಾಡಿದ್ದರಂತೆ. ಬಿಸಿಲೇ ಕಾಣದ ಸೋಲಾರ್ ಏನು ಕೊಟ್ಟೀತು? ನಾನು ಅತ್ತೆಗೆ ಅನ್ನಬಾರದ್ದನ್ನೆಲ್ಲ ಅಂದೆ. ಅವರು ನಾನು ಕೆಳಗೆ ಎಸೆದ ಕೌದಿ ಎದೆಗೆ ಅವಚಿಕೊಂಡು ನಿಂತುಬಿಟ್ಟರು.

ಶಂಕ್ರೆವ್ವನ ಮಗ ಬೀರಣ್ಣನಿಗೆ ಮೂರುಗಾಲಿಯ ಟಂಟಂ ಗಾಡಿ ಇದೆ. ಹೋಗಿ ಬಾಗಿಲು ಬಡಿದೆ. ಅವನು ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದ. ಸಿಂದಗಿಯ ತನಕ ಹುಡುಗಿ ನನ್ನ ತೊಡೆಯ ಮೇಲೆ ತಿದಿಯ ಹಾಗೆ ಉಸಿರು ಬಿಡುತ್ತಿದ್ದಳು. “ಏನಾಗೇತ್ರಿ ವೈನಿ?” ಎಂದು ಬೀರಣ್ಣ ಕೇಳಿದ. “ಹೊಟ್ಟಿಬ್ಯಾನಿ” ಎಂದೆ. ಸಿಂದಗಿಯ ಡಾಕ್ಟರು, “ಮೊದಲಿಂದ ಏನರ ಕಾಯಿಲಿ ಐತೇನ್ರಿ?” ಎಂದರು. ಬೀರಣ್ಣ ಬಾಗಿಲಲ್ಲೇ ನಿಂತಿದ್ದ. ದೇವರ ಜಗಲಿ ಕಣ್ಣ ಮುಂದೆ ಬಂತು, ನಾಲಿಗೆ ಏಳಲಿಲ್ಲ. ಮಗಳು ಸಾಯುತ್ತಿದ್ದಾಳೆ, ನಾನು ಮಾನ ಕಾಯುತ್ತ ನಿಂತಿದ್ದೇನೆ. ಡಾಕ್ಟರು ಎರಡನೆಯ ಸಲ ಗದರಿಸಿ ಕೇಳಿದಾಗ ಹೇಳಿದೆ. ಅವರು ಸಲಾಯಿನ್ ಹಚ್ಚಿ ತಕ್ಷಣ ಜೀಪು ಮಾಡಿಸಿ ಇಲ್ಲಿಗೆ ಕಳಿಸಿದರು. ಬೀರಣ್ಣ ಸಲಾಯಿನ್ ಬಾಟಲಿ ಎತ್ತಿ ಹಿಡಿದುಕೊಂಡೇ ಬಂದ.

ಇಲ್ಲಿಯ ಡಾಕ್ಟರು ಸೀಸೆ ನೋಡಿ, ಔಷಧ ಕಾದು ಸತ್ವ ಕಳೆದುಕೊಂಡಿದೆ, ನೀವು ಚುಚ್ಚಿದ್ದು ನೀರನ್ನೇ ಎಂದರು. ಇವರಿಗೆ ಸುದ್ದಿ ಮುಟ್ಟಿ ಓಡಿ ಬಂದವರು ಗೋಡೆಗೆ ಹಣೆ ಹಚ್ಚಿ ನಿಂತರು. “ಅವ್ವ ಕೌದಿ ಹೊಚ್ಚಲಿಲ್ಲಂದ್ರೂ ಆ ಬ್ಯಾಟರಿ ಇನ್ನ ನಾಕ ದಿನಾ ಬಾಳತಿದ್ದಿಲ್ಲ. ಆ ಮನಶ್ಯಾ ಬ್ಯಾಡಂದಿದ್ದ” ಎಂದರು. ಅದನ್ನು ಅತ್ತೆಯ ಮುಂದೆ ಅನ್ನಿರಿ ಎಂದೆ.

ಸಿಸ್ಟರ್ ನನ್ನ ಕೈಗೇ ಸಿರಿಂಜು ಕೊಟ್ಟಳು. “ನೀವ ಹಾಕ್ರಿ. ನಾಳೆ ನಾ ಬರ್ತೇನೇನ್ ನಿಮ್ಮೂರಿಗಿ?” ಹಾಕಿದೆ. ನಡುಗುತ್ತಲೇ ಹಾಕಿದೆ. ಸುರೇಖಾ, “ಅಪ್ಪಕಿಂತ ನಿಂದ ಕಡಿಮಿ ನೋವಾಕೈತಿ” ಎಂದಳು.

ಊರಿಗೆ ಮರಳುವ ಮೊದಲು ಬೀರಣ್ಣ ನನ್ನ ಹತ್ತಿರ ಬಂದ. “ನಾ ಯಾರ ಮುಂದೂ ಬಾಯಿ ಬಿಡಾಂಗಿಲ್ರಿ ವೈನಿ. ಆದ್ರ ಒಂದ ಮಾತ. ಟೀಸಿ ಸುಡೂ ಹೊತ್ತಿಗಿ ನನ್ನ ಮೋಟರೂ ಚಾಲೂ ಇತ್ತು” ಎಂದ. ಸುಟ್ಟವನೂ ಅವನೇ, ಉಳಿಸಿದವನೂ ಅವನೇ. ಡಬ್ಬಿ ಹಚ್ಚಿಕೊಟ್ಟವರು ನನ್ನ ಗಂಡ.

೩ ಮೇ, ಬುಧವಾರ

ಮನೆಗೆ ಬಂದೆವು. ಅತ್ತೆ ಮೊಮ್ಮಗಳ ಮುಖ ನೋಡಲೂ ಅಂಜಿ ಕದದ ಹಿಂದೆ ನಿಂತಿದ್ದರು. ಸುರೇಖಾ ತಾನೇ ಹೋಗಿ, “ಆಯಿ, ನನ್ನ ಕೌದಿ ಕೊಡ, ಮಲಗ್ತೇನಿ” ಎಂದಳು. ಮುದುಕಿ ಅತ್ತುಬಿಟ್ಟರು.

ಕರೆಂಟು ಇನ್ನೂ ಇಲ್ಲ. ಹೊಸ ಔಷಧ ತಂದಿದ್ದೇವೆ. ಇನ್ನು ನಾನು ಒಂದರ ಮೇಲೆ ಭಾರ ಹಾಕುವವಳಲ್ಲ. ಬ್ಯಾಸಗೆಯಲ್ಲಿ ಕುಡಿಯುವ ನೀರಿನ ಹರವಿಯನ್ನು ಹಸಿ ಉಸುಕಿನ ಮೇಲೆ ಕೂಡಿಸುತ್ತೇವಲ್ಲ, ನೀರು ಹಲ್ಲು ಜುಂ ಎನ್ನುವಷ್ಟು ತಣ್ಣಗಿರುತ್ತದೆ. ದವಾಖಾನೆಯಲ್ಲಿ ಕೂತಾಗ ಅದೇ ತಲೆಯಲ್ಲಿ ತಿರುಗುತ್ತಿತ್ತು. ಸಿಸ್ಟರನ್ನು ಕೇಳಿದೆ, ಆಗುತ್ತದೆ, ಆದರೆ ಸೀಸೆಗೆ ನೀರು ತಾಗಬಾರದು ಎಂದಳು. ಕುಂಬಾರರ ಮನೆಯಿಂದ ದೊಡ್ಡ ಗಡಿಗೆ ಒಂದು, ಸಣ್ಣದು ಒಂದು ತಂದು ಒಂದರೊಳಗೊಂದು ಇಟ್ಟು ನಡುವೆ ಉಸುಕು ತುಂಬಿ ನೀರು ಹನಿಸಿದೆ. ಒಳಗೆ ಮುಚ್ಚಳದ ಡಬ್ಬಿ, ಡಬ್ಬಿಯಲ್ಲಿ ಸೀಸೆ, ಮೇಲೆ ಹಸಿ ಅರಿವೆ. ಗಾಳಿ ಆಡುವ ಕಿಟಕಿಯ ಕೆಳಗೆ ಇಟ್ಟಿದ್ದೇನೆ. ಇನ್ನೊಂದು ಸೀಸೆ ಸಿಂದಗಿಯ ಔಷಧದ ಅಂಗಡಿಯವರ ಫ್ರಿಜ್ಜಿನಲ್ಲಿ, ಅವರಿಗೆ ಜನರೇಟರ್ ಇದೆ. ಸೋಲಾರ್ ಬರೀ ದೀಪಕ್ಕೆ. ಮುಂಜಾನೆ ಎದ್ದು ಹಲಗೆಯ ಧೂಳು ಒರೆಸಿ ಬರುತ್ತೇನೆ. ಫ್ರಿಜ್ಜಿಗೆ ಕರೆಂಟು ಬಂದಾಗ ಬರಲಿ.

ಇಷ್ಟು ಮಾಡಿದರೂ ಭಯ ಹೋಗಿಲ್ಲ. ಉಸುಕು ಒಣಗಿತೇ ಎಂದು ಗಳಿಗೆಗೊಮ್ಮೆ ಬೆರಳು ಹಾಕಿ ನೋಡುತ್ತೇನೆ. ಮಾಳಿಗೆಯಿಂದ ಇಳಿದು ಬರುವಾಗ ಮೆಟ್ಟಿಲು ತಪ್ಪಿದ ಹಾಗೆ ಕನಸು ಬೀಳುತ್ತದೆ.

ಸಂಜೆ ಇವರು ಉಣ್ಣುವಾಗ ಕೇಳಿದೆ. “ಟೀಸಿ ಸುಟ್ಟವರ್ಯಾರ್ರಿ?” ಉಂಡೆದ್ದ ಮೇಲೆ ಅಂಗಡಿಯ ಕಪಾಟಿನಲ್ಲಿದ್ದ ಕಂಡೆನ್ಸರುಗಳನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟಕ್ಕೆ ಒಗೆದರು.

೯ ಮೇ

ಅಟ್ಟಕ್ಕೆ ಒಗೆದರೆ ಮುಗಿಯಿತೇ? ಇವತ್ತು ಅಂಗಡಿಗೆ ಬಂದವರೊಬ್ಬರು ನಗುತ್ತಲೇ ಅಂದರು. “ನೀವ ಕೊಡಲಿಲ್ಲಂದ್ರ ಸಿಂದಗ್ಯಾಗ ಸಿಗ್ತಾವ ಬಿಡ್ರಿ ರಾವಸಾಬ. ಮನಿಯವರಿಗಿ ಥಣ್ಣೀರ ತಪ್ಪೇತಿ ಅಂತ ಸಿಟ್ಟೇನ?” ಹೊರಗೆ ನಾಲ್ಕು ಜನ ನಕ್ಕರು. ಇವರು ಏನು ಹೇಳಿಯಾರು? ಬಾಯಿಗೆ ಆಣೆಯ ಬೀಗ.

ಹೊಸ ಟಿ.ಸಿ. ರವಿವಾರ ಬರುತ್ತದಂತೆ. ಊರಿಗೆಲ್ಲ ಹಬ್ಬ. ಅವತ್ತೇ ಸಂಜೆ ಎಲ್ಲರೂ ಪಂಪು ಹಚ್ಚುತ್ತಾರೆ. ಮಳೆಗಾಲದ ಹಸಿ ಗಾಳಿಯಲ್ಲಿ ಗಡಿಗೆ ಇಷ್ಟು ತಂಪು ಕೊಡುವುದಿಲ್ಲ ಎಂದು ಸಿಸ್ಟರ್ ಹೇಳಿದ್ದಾಳೆ. ಆಗ ಫ್ರಿಜ್ ಬೇಕೇ ಬೇಕು.

ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಮಾಡುವವರ ಮೇಲೆ ಸಿಟ್ಟು ಮಾಡುವುದು ಹೇಗೆ.

೧೪ ಮೇ, ರವಿವಾರ

ಹೇಳಿಬಿಟ್ಟೆ. ಬರೆಯುವಾಗಲೂ ಬೆವರು ಬರುತ್ತಿದೆ.

ಟ್ರ್ಯಾಕ್ಟರಿನಲ್ಲಿ ಟಿ.ಸಿ. ಬಂತು. ಗಂಡಸರೆಲ್ಲ ಹಗ್ಗ ಹಾಕಿ ಎತ್ತಿದರು, ಹೆಂಗಸರು ಆರತಿ ಹಿಡಿದು ನಿಂತರು. ಕಾಯಿ ಒಡೆದರು. ಪರಸಪ್ಪ ಕಂಬ ಇಳಿದು ಬಂದು, “ಇನ್ನೊಮ್ಮಿ ಕಂಡೆನ್ಸರ್ ಹಚ್ಚಿ ಸುಟ್ರ ಮಳಿಗಾಲ ಮುಗ್ಯೂತನಾ ಕತ್ತಲಾಗ ಕುಂದರ್ರಿ” ಎಂದ. ಎಲ್ಲರೂ ತಲೆ ಅಲ್ಲಾಡಿಸಿದರು. ಒಬ್ಬನ ಮುಖ ಒಬ್ಬ ನೋಡಿ ಮೀಸೆಯಲ್ಲೇ ನಕ್ಕರು. ಆ ನಗೆ ನೋಡಿ ನನ್ನ ಮೈ ಉರಿಯಿತು. ಕಾಲು ತಾನೇ ಮುಂದೆ ಹೋಯಿತು.

“ನಮ್ಮ ಮನ್ಯಾಗ ಥಣ್ಣೀರ ಕುಡ್ಯಾಕ ಫ್ರಿಜ್ ತಂದಿಲ್ರಿ” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅತ್ತೆ ಸೆರಗು ಹಿಡಿದು ಜಗ್ಗಿದರು. “ನನ್ನ ಮಗಳಿಗಿ ಸಕ್ರಿ ಬ್ಯಾನಿ ಐತಿ. ಸೂಜಿ ಇಲ್ಲಂದ್ರ ಉಳ್ಯಾಂಗಿಲ್ಲ. ಆ ಔಷಧ ತಂಪಿನ್ಯಾಗ ಇರಬೇಕು. ನೀವೆಲ್ಲಾ ಮೋಟರ ಹಚ್ಚಿ ಟೀಸಿ ಸುಟ್ರಿ, ಔಷಧ ಕೆಟ್ಟಿತು, ನನ್ನ ಕೂಸು ಸತ್ತ ಬದುಕೇತಿ. ಆ ಡಬ್ಬಿ ಹಚ್ಚಿಕೊಟ್ಟಾವರು ನಮ್ಮ ಮನಿಯವರ. ನಾ ಬರೇ ನಿಮಗಷ್ಟ ಅನ್ನಾಕತ್ತಿಲ್ಲ.”

ಮಂಗಳಾರತಿಯ ಗಂಟೆ ನಿಂತುಹೋಯಿತು. ಇವರು ತಲೆ ತಗ್ಗಿಸಿದರು, ಆದರೆ ಅಲ್ಲಿಂದ ಹೋಗಲಿಲ್ಲ. ಹಿಂದಿನಿಂದ ಯಾರೋ, “ಅದಕ್ಕ ನಮ್ಮ ಲಿಂಬಿ ಗಿಡ ಒಣಗಸೂಣೇನ್ರಿ?” ಎಂದರು. ತಪ್ಪು ಮಾತೇನಲ್ಲ. ಅವರ ಹೊಟ್ಟೆಯೂ ಹೊಟ್ಟೆಯೇ. “ಒಣಗಸಬ್ಯಾಡ್ರಿ. ತ್ರೀಫೇಸ್ ಇದ್ದಾಗ ಪಾಳಿ ಹಚ್ಕೋರಿ. ಸಂಜೀ ಮುಂದ ಬಿಡ್ರಿ” ಎಂದೆ. ಬೀರಣ್ಣ ಮುಂದೆ ಬಂದು, “ನನ್ನ ಡಬ್ಬಿ ಇವತ್ತ ಬಿಚ್ಚತೇನಿ” ಎಂದ. ಇನ್ನು ಕೆಲವರು ಹೂಂ ಎಂದರು. ಕೆಲವರು ತಿರುಗಿ ನೋಡದೆ ಹೋದರು.

ಸಂಜೆ ಬಲ್ಬಿನ ಕೆಳಗೆ ಕೂತು ಅದನ್ನೇ ನೋಡಿದೆ. ಸ್ವಲ್ಪ ಮಂಕಾಯಿತು, ಆದರೆ ಕೆಂಪಗಾಗಲಿಲ್ಲ. ಫ್ರಿಜ್ ನಿಲ್ಲಲಿಲ್ಲ.

ಅತ್ತೆ ಉಣ್ಣಲಿಲ್ಲ. “ಹುಡುಗಿ ಬಾಳೇ ಮುಗಿಸಿದಿ” ಎಂದು ಗೋಡೆಯ ಕಡೆ ಹೊರಳಿದರು. ಅವರು ಹೇಳುವುದು ನಿಜವಾದರೆ? ಸುರೇಖಾಳ ಹತ್ತಿರ ಹೋಗಿ, ಇನ್ನು ಎಲ್ಲರೂ ಕೇಳುತ್ತಾರೆ, ಬ್ಯಾಸರ ಮಾಡಬೇಡ ಎಂದೆ. ಅವಳು ಸೂಜಿಗೆ ಔಷಧ ಎಳೆದುಕೊಳ್ಳುತ್ತಿದ್ದಳು. ಯಾವಾಗ ಕಲಿತಳೋ. “ನನ್ನ ಗೆಳತ್ಯಾರಿಗೆಲ್ಲಾ ಯುಗಾದಿಗೇ ಹೇಳೇನಿ. ಅವರೇನ್ ಯಾರಿಗೂ ಅಂದಿಲ್ಲ” ಎಂದಳು. ಇಷ್ಟು ದಿನ ಯಾರ ಮುಂದೆ ಏನು ಮುಚ್ಚಿಡುತ್ತಿದ್ದೆವು ನಾವು?

೧೬ ಮೇ, ಮಂಗಳವಾರ

ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಓಡಾಡದ ಹೊತ್ತು. ಫ್ರಿಜ್ ನಡೆದಿದ್ದರೂ ನಂಬಿಕೆ ಸಾಲದೆ ನಾನು ಗಡಿಗೆಗೆ ನೀರು ಹನಿಸುತ್ತಿದ್ದೆ. ಹಿತ್ತಲ ಬಾಗಿಲಿನಿಂದ ಶಂಕ್ರೆವ್ವ ಬಂದರು. ಎಂದೂ ಹಿತ್ತಲಿನಿಂದ ಬಂದವರಲ್ಲ. ಮೊನ್ನೆಯ ಮಾತಿಗೆ ಬೈಯಲು ಬಂದರೆಂದುಕೊಂಡೆ.

ಅವರು ಕೂರಲಿಲ್ಲ. ಗಡಿಗೆ ನೋಡಿದರು, ಉಸುಕು ಮುಟ್ಟಿ ನೋಡಿದರು. ಆಮೇಲೆ ಸೊಂಟದ ಎಲೆಚೀಲದ ದಾರ ಬಿಚ್ಚಿದರು. ಅಡಿಕೆ ಸುಣ್ಣದ ನಡುವೆ ಒಂದು ಅರಿವೆಯ ಗಂಟು. ಗಂಟಿನಲ್ಲಿ ಸೀಸೆ. ನಮ್ಮದರಂಥದ್ದೇ.

“ಇದನ್ನೂ ಅದರಾಗ ಇಡ್ತಿಯೇನ ಯವ್ವಾ?”

ಕೈ ಚಾಚಿ ತೆಗೆದುಕೊಂಡೆ. ಅವರ ಮೈಯ ಕಾವಿಗೆ ಸೀಸೆ ಬೆಚ್ಚಗಿತ್ತು.

“ಯಾರದ್ರಿ?”

“ನನ್ನ ಮಗಳ ಶೇವಂತಿದ. ಬರೂ ತಿಂಗಳ ಲಗ್ನ ಐತಿ. ಬೀರಣ್ಣಗೂ ಗೊತ್ತಿಲ್ಲ. ಮನ್ಯಾಗ ಇಟ್ರ ಯಾರರ ನೋಡಿಯಾರಂತ ಉಗಾದಿ ಮುಂದಿಂದ ಸೊಂಟಕ್ಕ ಕಟಗೊಂಡ ತಿರಗಾಕತ್ತೇನಿ. ಸೂಜಿ ಒಂದ ದಿನಾ ತಪ್ಪಸಿಲ್ಲ. ಆದ್ರೂ ಹುಡುಗಿ ಒಣಗಾಕತ್ಯಾಳ. ನಿನ್ನಿಯಿಂದ ಬರೇ ನೀರ ಬೇಡತಾಳ.”

ಶೇವಂತಿಯ ಬಾಯಿಯಿಂದ ಹಣ್ಣಿನ ವಾಸನೆ ಬರುತ್ತದೆಯೇ ಎಂದು ಕೇಳಿದೆ. ಶಂಕ್ರೆವ್ವ ಹೂಂ ಎಂದು ತಲೆ ಅಲ್ಲಾಡಿಸಿದರು. ನೆಲಕ್ಕೆ ಕುಸಿದು ಕೂತರು.

ಆ ಸೀಸೆಯನ್ನು ಗಡಿಗೆಯಲ್ಲಿ ಇಡಲಿಲ್ಲ, ಗಟಾರಕ್ಕೆ ಒಗೆದೆ. ಅವರು ಹಾ ಎಂದು ಕೈ ಅಡ್ಡ ಹಿಡಿದರು. ಸುರೇಖಾಳನ್ನು ಕರೆದು, “ಸಂಜೀ ಸೂಜಿ ನೀ ಹಾಕ್ಕೋ. ಆಯಿ ಜೋಡಿ ಕುಂದರ. ಉಸುಕ ಒಣಗಾಕ ಬಿಡಬ್ಯಾಡ” ಎಂದೆ. ಚಪ್ಪಲಿ ಮೆಟ್ಟಿದೆ. ಬೀರಣ್ಣ ಹೊಲದಲ್ಲಿದ್ದಾನೆ, ಅವನಿಗೆ ಈಗ ಹೇಳಬೇಕು, ನಾನೇ ಹೇಳಬೇಕು. ಶಂಕ್ರೆವ್ವ ನನ್ನ ಕಾಲು ಹಿಡಿದುಕೊಂಡರು. “ಬ್ಯಾಡ ಯವ್ವಾ, ಲಗ್ನ ಮುಗೀಲಿ.”

ಕಾಲು ಬಿಡಿಸಿಕೊಂಡು ಹೊಲಕ್ಕೆ ಹೋಗಿ ಬೀರಣ್ಣನಿಗೆ ಹೇಳಿದೆ. ಟಂಟಂ ಬಂತು. ಶೇವಂತಿಯನ್ನು ಇಬ್ಬರು ಹಿಡಿದು ಕೂಡಿಸಿದರು. ಓಣಿಯ ಬಾಗಿಲುಗಳು ಒಂದೊಂದೇ ತೆರೆದವು. ಶಂಕ್ರೆವ್ವ ಮಗಳ ಮುಖದ ಮೇಲೆ ಸೆರಗು ಎಳೆದು ಮುಚ್ಚಿದರು, ನಾನು ಉಸಿರಾಡಲಿ ಎಂದು ತೆಗೆದೆ. ಸಿಂದಗಿಯ ಡಾಕ್ಟರು ಏನು ಕಾಯಿಲೆ ಎಂದು ಕೇಳುವ ಮೊದಲೇ ಹೇಳಿದೆ.

ಅವರ ದವಾಖಾನೆಯ ವರಾಂಡದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬೀರಣ್ಣ ಗೋಡೆಗೆ ಹಣೆ ಹಚ್ಚಿ ನಿಂತಿದ್ದಾನೆ. ಒಳಗಿನಿಂದ ಇನ್ನೂ ಯಾರೂ ಹೊರಗೆ ಬಂದಿಲ್ಲ.